ಕದಿಯಲೆಂದೇ ಕೊಂಡ ಕಟ್ಟಿಗೆ

ಕಳ್ಳತನ ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ತೀರ್ಮಾನಿಸಿದ್ದು ಒಂದು ಮಧ್ಯಾಹ್ನ, ಟಿ.ವಿ. ಮುಂದೆ ಕುಳಿತು ಚುರಮುರಿ ತಿನ್ನುತ್ತ. ಯಾವುದೋ ಹಳೆಯ ಇಂಗ್ಲಿಷ್ ಹಾಸ್ಯ ಸಿನಿಮಾ. ಹಬ್ಬದ ದಿನ ಇಬ್ಬರು ಕಳ್ಳರು ಒಬ್ಬ ಅಜ್ಜಿಯ ಮನೆಗೆ ನುಗ್ಗುತ್ತಾರೆ. ಕದಿಯುವುದನ್ನು ಬಿಟ್ಟು ಸೋರುವ ಮಾಳಿಗೆ ರಿಪೇರಿ ಮಾಡುತ್ತಾರೆ, ಮೊಮ್ಮಗಳ ಮದುವೆ ಕುದುರಿಸುತ್ತಾರೆ. ಕೊನೆಗೆ ಪೊಲೀಸರು ಬಂದರೆ ಅಜ್ಜಿಯೇ ಆ ಕಳ್ಳರನ್ನು ಕಪಾಟಿನಲ್ಲಿ ಬಚ್ಚಿಡುತ್ತಾಳೆ! ನನಗೆ ಕಣ್ಣೀರೇ ಬಂತು.

"ನೋಡು ಗಿರಿಜಾ, ಕಳ್ಳರಂದ್ರ ಹಿಂಗಿರಬೇಕು. ಬಂಗಾರದಂಥಾ ಮಂದಿ!" ಎಂದೆ.

"ಮೂಗಿನ ಮ್ಯಾಲಿನ ಚಷ್ಮಾ ಹುಡಕಾಕ ನಿಮಗ ಅರ್ಧಾ ದಿನ ಬೇಕು. ಕಳ್ಳರ ಸುದ್ದಿ ನಿಮಗ್ಯಾಕ್ರಿ?" ಎಂದು ಹೆಂಡತಿ ಟಿ.ವಿ. ಆರಿಸಿದಳು.

ಆ ಸುದ್ದಿ ನನಗೆ ಬೇಕಾಗಿತ್ತು. ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ನಮ್ಮ ಲಕ್ಷ್ಮೇಶ್ವರದಲ್ಲಿ ಕಾಮಣ್ಣನನ್ನು ಸುಡುವ ಸೆಗಣಿಯ ಕುಳ್ಳು, ಕಟ್ಟಿಗೆಯನ್ನು ಕದ್ದೇ ತರಬೇಕು. ಕದ್ದವರಿಗೆ ಪಾಪವಿಲ್ಲ, ಕಳೆದುಕೊಂಡವರು ಬಾಯಿ ತುಂಬ ಬೈದುಬಿಟ್ಟರೆ ಅಲ್ಲಿಗೆ ಮುಗಿಯಿತು. ಒಮ್ಮೆ ಕಾಮಣ್ಣನ ರಾಶಿಗೆ ಬಿದ್ದ ಕಟ್ಟಿಗೆಯನ್ನು ಯಾರು ಬಂದು ಕೇಳಿದರೂ ವಾಪಸ್ ಕೊಡುವಂತಿಲ್ಲ.

ಹೋದ ವರ್ಷ ನಮ್ಮ ಓಣಿಯ ಬೆಂಕಿ ಹತ್ತಿದ್ದೂ ಆರಿದ್ದೂ ಒಟ್ಟಿಗೇ ಆಗಿತ್ತು. ಕೆಳಗಿನ ಓಣಿಯ ಮುಖಂಡ ಈರಪ್ಪ ಬಂದು, "ಮಾಸ್ತರ, ನಿಮ್ಮ ಬೆಂಕ್ಯಾಗ ನನ್ನ ಬೀಡಿ ಸೈತ ಹತ್ತಲಿಲ್ಲರೀ" ಎಂದಿದ್ದ. ಆ ಮಾತು ವರ್ಷವಿಡೀ ನನ್ನನ್ನು ಕೊರೆಯುತ್ತಿತ್ತು. ಹಾಗಾಗಿ ಈ ಸಲ ನಾನೇ ಮುಂದಾಳತ್ವ ವಹಿಸಿ, ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನರೆದುರು ಈರಪ್ಪನಿಗೆ ಗುಡುಗಿದೆ: "ನಮ್ಮ ಬೆಂಕಿ ನಿಮ್ಮದಕ್ಕಿಂತ ಒಂದು ಗೇಣು ಕಡಿಮಿ ಆದ್ರ ನನ್ನ ಮೀಸಿ ಬೋಳಿಸ್ತೀನಿ!"

ಅದು ಸಾಮಾನ್ಯ ಮೀಸೆಯಲ್ಲ. ನಾನು ಗಣಿತ ಕಲಿಸುತ್ತಿದ್ದಾಗ ಇಡೀ ಶಾಲೆಯನ್ನು ಬೆತ್ತವಿಲ್ಲದೆ ಅಂಕೆಯಲ್ಲಿಟ್ಟ ಮೀಸೆ. ನಿವೃತ್ತಿಯ ನಂತರ ನನ್ನಲ್ಲಿ ಉಳಿದಿದ್ದ ಒಂದೇ ಅಧಿಕಾರ ಅದು.

ಸಿನಿಮಾದಲ್ಲಿ ಕಳ್ಳರು ಇಬ್ಬರಿದ್ದರು. ಆದ್ದರಿಂದ ಜೊತೆಗೆ ದರ್ಜಿ ವಿರೂಪಾಕ್ಷಪ್ಪನನ್ನು ಸೇರಿಸಿಕೊಂಡೆ. ಶಾಸ್ತ್ರ-ಸಂಪ್ರದಾಯದಲ್ಲಿ ಮಹಾ ಕಟ್ಟುನಿಟ್ಟಿನ ಮನುಷ್ಯ. ಇಬ್ಬರೂ ಹಿತ್ತಲಿನಿಂದ ಹಿತ್ತಲಿಗೆ ಸರ್ವೇ ನಡೆಸಿದೆವು. ಎಲ್ಲಿಯ ಕಟ್ಟಿಗೆ! ಮನೆಮನೆಗೂ ಗ್ಯಾಸ್. ಕುಳ್ಳು ಒಟ್ಟುತ್ತಿದ್ದ ಜಾಗದಲ್ಲಿ ಸ್ಕೂಟಿ ನಿಂತಿತ್ತು. ಒಂದು ಮನೆಯಲ್ಲಿ ಸಿಕ್ಕಿಯೂ ಬಿದ್ದೆವು.

"ಕದಿಯಾಕ ಬಂದೀರೇನ್ರಿ ಮಾಸ್ತರ? ಬರ್ರಿ, ಕುಂಡ್ರಿ, ಚಾ ಇಡತೀನಿ" ಎಂದಳು ಆ ಮನೆಯಾಕೆ.

ಚಹಾ ಕೊಟ್ಟು, ಪಾಪ ಬರಿಗೈಲಿ ಕಳಿಸಬಾರದೆಂದು ಒಂದು ಒಡೆದ ಪ್ಲಾಸ್ಟಿಕ್ ಬಕೆಟ್ಟನ್ನೂ ಕೊಟ್ಟಳು. ಕಳ್ಳರಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಮೀಸೆ ಮುಟ್ಟಿ ನೋಡಿಕೊಂಡೆ. ಇನ್ನೂ ಇತ್ತು.

"ಕಟ್ಟಿಗಿ ಖರೀದಿ ಮಾಡೂಣು" ಎಂದೆ.

ವಿರೂಪಾಕ್ಷಪ್ಪ ಹಾವು ತುಳಿದವನಂತೆ ಹಾರಿದ. "ಖರೀದಿ ಕಟ್ಟಿಗ್ಯಾಗ ಕಾಮಣ್ಣ ಸುಡೂದಿಲ್ಲರೀ! ಬರೇ ಹೊಗಿ ಬರತೈತಿ. ಕದ್ದಿದ್ದ ಆಗಬೇಕು."

ಆಗ ನನ್ನ ಗಣಿತದ ತಲೆಗೆ ಆ ಮಹಾ ಯೋಜನೆ ಹೊಳೆಯಿತು. ಕಟ್ಟಿಗೆ ಕೊಳ್ಳುವುದು. ಅದನ್ನು ಬೇರೆಯವರ ಹಿತ್ತಲಿನಲ್ಲಿ ಇಡುವುದು. ನಂತರ ಕದಿಯುವುದು! ಶಾಸ್ತ್ರಕ್ಕೆ ಶಾಸ್ತ್ರವೂ ಆಯಿತು, ಕಟ್ಟಿಗೆಗೆ ಕಟ್ಟಿಗೆಯೂ ಆಯಿತು. ವಿರೂಪಾಕ್ಷಪ್ಪ ಬಹಳ ಹೊತ್ತು ಯೋಚಿಸಿ ಒಪ್ಪಿಗೆ ಕೊಟ್ಟ.

ಅಡರಕಟ್ಟಿಯ ಪರಿಚಯದ ರೈತರೊಬ್ಬರ ಹೊಲದಲ್ಲಿ ಕಡಿದು ಹಾಕಿದ್ದ ಜಾಲಿ ಕಟ್ಟಿಗೆಯನ್ನು ಟ್ರ್ಯಾಕ್ಟರಿನಲ್ಲಿ ತರಿಸಿದೆ. ಇಡಲು ಆರಿಸಿದ್ದು ಪಕ್ಕದ ಮನೆಯ ಪಾರವ್ವನ ಹಿತ್ತಲು. ಅಜ್ಜಿಗೆ ಎಲ್ಲ ವಿವರಿಸಿದೆ.

"ಯವ್ವಾ, ನಾಳಿ ಮಧ್ಯಾಹ್ನ ಊಟ ಆದಮ್ಯಾಲೆ ಬಂದು ಕದೀತೀವಿ. ನೀ ಚಲೋತ್ನಾಗಿ ಬೈಬೇಕು."

ಪಾರವ್ವನ ಮುಖ ಅರಳಿತು. "ಬೈಗುಳದ ಕಾಳಜಿ ನನಗ ಬಿಡಪ್ಪಾ ಮಾಸ್ತರ. ಸೊಸಿ ಬ್ಯಾರೆ ಮನಿ ಮಾಡಿದಾಗಿಂದ ಬಾಯಿ ಬಿಟ್ಟು ಯಾರಿಗೂ ಬೈದಿಲ್ಲ ನಾ."

ಅಂದು ಸಂಜೆಯೆಲ್ಲ ಗೋಡೆಯಾಚೆಯಿಂದ ಆಕೆಯ ತಾಲೀಮು ಕೇಳಿಸುತ್ತಿತ್ತು. ಕೆಲವು ಬೈಗುಳ ನನಗೂ ಹೊಸವು.

ಮರುದಿನ ಹುಣ್ಣಿಮೆ. ಹೋಳಿಗೆ ಊಟ ಗಡದ್ದಾಗಿ ಮುಗಿಸಿ ಇಬ್ಬರೂ ಗೋಡೆ ಏರಿದೆವು. ಪಕ್ಕದಲ್ಲೇ ಗೇಟು ತೆರೆದಿತ್ತು, ನಿಜ. ಆದರೆ ಸಿನಿಮಾದ ಕಳ್ಳರು ಗೋಡೆಯನ್ನೇ ಏರಿದ್ದರು. ಹೋಳಿಗೆಯ ಭಾರಕ್ಕೆ ನಾನು ಇಳಿಯಲಿಲ್ಲ, ಬಿದ್ದೆ. ಎದ್ದು ನೋಡಿದರೆ ಹಿತ್ತಲು ಖಾಲಿ! ಒಂದು ಚಕ್ಕೆ ಕೂಡ ಇಲ್ಲ!

ಸದ್ದಿಗೆ ಪಾರವ್ವ ಹೊರಗೆ ಬಂದಳು. "ಮತ್ಯಾಕ ಬಂದೀರಿ? ಮುಂಜಾನೆ ನಿಮ್ಮ ಮಂದಿ ಬಂದು ಒಯ್ದರಲ್ಲ!"

"ನಮ್ಮ ಮಂದಿ? ಯಾವ ಮಂದಿ?"

"ಈರಪ್ಪ ಮತ್ತ ಅವನ ಗೆಳೆಯಾರು. ನೀನ ಕಳಿಸೀದಿ ಅಂತ ತಿಳಿದು ಗೇಟ್ ತಗದು ಕೊಟ್ಟೆ. ಚಾ ಮಾಡಿ ಕೊಟ್ಟೆ. ಅವರು ಗಾಡಿ ತುಂಬೂತನಾ ಮನಸಾರೆ ಬೈದೆ. ಪಾಪ, ಭಾಳ ಚಲೋ ಮಂದಿ, ತಲಿ ಬಗ್ಗಿಸಿ ಕೇಳಿದರು."

"ಈಗ ನಮಗರ ಬೈ ಯವ್ವಾ" ಎಂದ ವಿರೂಪಾಕ್ಷಪ್ಪ, ಶಾಸ್ತ್ರ ಬಿಡದೆ.

"ಎಲ್ಲಿಂದ ಬೈಲಿ? ಇದ್ದಬಿದ್ದವೆಲ್ಲ ತೀರಿ ಹೋದವು" ಎಂದು ಪಾರವ್ವ ಬಾಗಿಲು ಹಾಕಿಕೊಂಡಳು.

ಕುಂಟುತ್ತ ಕೆಳಗಿನ ಓಣಿಗೆ ಓಡಿದೆ. ನನ್ನ ಜಾಲಿ ಕಟ್ಟಿಗೆ ಆಗಲೇ ಅವರ ಕಾಮಣ್ಣನ ರಾಶಿಯಲ್ಲಿ ಬೆಟ್ಟದಂತೆ ಏರಿ ಕುಳಿತಿತ್ತು. ಹಲಗಿ ಬಾರಿಸುವುದು ಶುರುವಾಗಿತ್ತು.

"ಈರಪ್ಪಾ, ಅದು ನನ್ನ ಕಟ್ಟಿಗಿ!"

"ಹೌದ್ರಿ? ಮತ್ತ ಪಾರವ್ವನ ಹಿತ್ತಲದಾಗ ಯಾಕಿತ್ರಿ?"

"ಕದಿಯಾಕ ಇಟ್ಟಿದ್ದೆ!"

ಹಲಗಿ ನಿಂತಿತು. ಆಮೇಲೆ ಎದ್ದ ನಗು ಶಿರಹಟ್ಟಿಗೂ ಕೇಳಿಸಿರಬೇಕು. ನನಗೆ ಅಳು ಬರುವುದೊಂದು ಬಾಕಿ. ನಮ್ಮ ಓಣಿಯ ಜನರೂ ಆಗಲೇ ಅಲ್ಲಿ ಬಂದು ನಿಂತಿದ್ದರು. ನಮ್ಮಲ್ಲಿ ಸುಡಲು ಒಡೆದ ಬಕೆಟ್ ಬಿಟ್ಟರೆ ಏನಿತ್ತು? ಹೇಳಿದ ಮಾತಿಗೆ ತಪ್ಪಬಾರದೆಂದು ಕ್ಷೌರದವನನ್ನು ಕರೆಸಲು ನಾನೇ ಹೇಳಿದೆ.

ಈರಪ್ಪ ತಡೆದ. "ಬ್ಯಾಡ್ರಿ ಮಾಸ್ತರ. ಕಟ್ಟಿಗಿ ನಿಮ್ಮದು, ಅಂದಮ್ಯಾಲೆ ಬೆಂಕಿನೂ ನಿಮ್ಮದ. ನಿಮ್ಮ ಬೆಂಕಿ ನಿಮ್ಮ ಬೆಂಕಿಗಿಂತ ಹೆಂಗ ಕಡಿಮಿ ಆಕ್ಕೈತಿ? ಮೀಸಿ ಉಳೀತು!"

ಗಣಿತ ಕಲಿಸಿದ ನನಗೂ ಈ ಸಮೀಕರಣದಲ್ಲಿ ತಪ್ಪು ಕಾಣಲಿಲ್ಲ. ಎಂಥ ಒಳ್ಳೆಯ ಕಳ್ಳ! ಸಿನಿಮಾದಿಂದಲೇ ಎದ್ದು ಬಂದವನಂತಿದ್ದ. ನನ್ನ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಕತ್ತಲಾದ ಮೇಲೆ ಕಾಮಣ್ಣನಿಗೆ ಬೆಂಕಿ ಇಡುವ ಗೌರವವನ್ನೂ ನನಗೇ ಕೊಟ್ಟ. ಉಳಿದ ಮೀಸೆಯನ್ನು ಎರಡೂ ಕಡೆ ತಿರುವಿ ಮುಂದೆ ಹೋದೆ.

"ಮಾಸ್ತರ, ದೂರ ನಿಂತು ಹಚ್ರಿ. ಡೀಸೆಲ್ ಹಾಕೇವಿ."

"ನನಗ ಕಲಿಸ್ತೀಯೇನು?" ಎಂದು ಬಗ್ಗಿ, ಕಡ್ಡಿ ಗೀರಿ ಹಚ್ಚಿ, ಹತ್ತಿರದಿಂದ ಊದಿದೆ.

ಭಗ್ಗೆಂದಿತು! ಎಡಗಡೆಯ ಮೀಸೆ ಚುರ್ ಎಂದಿತು! ನಾನು ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಕಿರುಚಿದೆ. ಆದರೆ ಕಾಮಣ್ಣ ಸುಡುವಾಗ ಬಾಯಿ ಬಡಿದುಕೊಳ್ಳುವುದೇ ಪದ್ಧತಿ! ಎಲ್ಲರೂ ನನ್ನ ಜೊತೆ ದನಿಗೂಡಿಸಿದರು. "ವಯಸ್ಸಾದ್ರೂ ಮಾಸ್ತರ ಏನು ಚಂದ ಬಾಯಿ ಬಡಕೊಳ್ಳತಾರ ನೋಡಲೇ!" ಎಂದು ಯಾರೋ ಮೆಚ್ಚಿಕೊಂಡರು.

ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡು ಮನೆ ಸೇರಿ, ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಹೇಳಿ ಮಲಗಿಬಿಟ್ಟೆ. ಬೆಳಿಗ್ಗೆ ಗಿರಿಜಾ ಏಳುವ ಮೊದಲೇ ಬೆಕ್ಕಿನ ಹೆಜ್ಜೆಯಲ್ಲಿ ಬಚ್ಚಲಿಗೆ ಹೋಗಿ, ಸದ್ದಾಗದಂತೆ ಚಿಲಕ ಹಾಕಿ, ಉಳಿದ ಅರ್ಧ ಮೀಸೆಯನ್ನು ತೆಗೆದುಹಾಕಿದೆ. ಯಾರೂ ನೋಡಲಿಲ್ಲ, ಯಾರೂ ಚಹಾ ಕೊಡಲಿಲ್ಲ, ಯಾರೂ ಬೈಯಲಿಲ್ಲ. ಇಡೀ ಹಬ್ಬದಲ್ಲಿ ನಾನು ಸಿಕ್ಕಿಬೀಳದೆ ಎಗರಿಸಿದ್ದು ಅದೊಂದೇ!