ಹೊಸ್ತಿಲಲ್ಲಿ ನಿಂತುಹೋದ ಕಂಪ್ಯೂಟ್ರು

ರಾಮನಗರದ ಆಫ್ತಾಬ್ ಆ ಮಾತು ಆಡಬಾರದಿತ್ತು. ಕೂಟಗಲ್ಲಿನ ಚೆಲುವಯ್ಯನಿಗೆ ಇವತ್ತಿಗೂ ಅದು ನೆನಪಾದರೆ ಮೀಸೆ ತಾನಾಗಿಯೇ ಕುಣಿಯುತ್ತದೆ. ಕಂಪ್ಯೂಟರ್ ರಿಪೇರಿ ಅಂಗಡಿಯ ತುಂಬ ಜನ ಇರುವಾಗ, ನರೆತ ಗಡ್ಡ ಸವರಿಕೊಂಡು ಆಫ್ತಾಬ್ ಹೇಳಿದ್ದ:

“ಕಂಪ್ಯೂಟ್ರು ಜೋಡ್ಸೋದು ನಿಮ್ ಕೈಲಾಗಲ್ಲ ಬುಡಿ ಯಜಮಾನ್ರೆ. ಇದೇನು ಹುಳ ಸಾಕೋ ಕೆಲ್ಸನಾ?”

ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವನಿಗೆ ಹೇಳುವ ಮಾತೇ ಇದು?

“ಹುಳ ಸಾಕೋದು ಸದರ ಅಂದ್ಕಂಡಿದ್ದೀಯೇನಯ್ಯಾ? ಒಂದ್ ದಿನ ಸಾಕ್ ನೋಡು! ತಗಿ ಇಲ್ಲಿ ಸಾಮಾನ! ಏಳನೇ ಕ್ಲಾಸಲ್ಲಿ ಮೂರ್ ವರ್ಸ ಕೂತೋನು ನಾನು. ಬುನಾದಿ ಗಟ್ಟಿ ಐತೆ!”

ಹಾಗೆ ಗರ್ಜಿಸಿ, ಅವನ ಅಂಗಡಿಯದೇ ಹಳೆಯ ಬೋರ್ಡು, ಫ್ಯಾನು, ಪರದೆ, ಸ್ಪೀಕರುಗಳನ್ನು ರೇಷ್ಮೆಗೂಡಿನ ಚೀಲಕ್ಕೆ ತುಂಬಿಕೊಂಡು ದಿಗ್ವಿಜಯ ಮುಗಿಸಿದವನಂತೆ ಬಸ್ಸು ಹತ್ತಿದ.

ಇಷ್ಟಕ್ಕೂ ಅವನಿಗೆ ಕಂಪ್ಯೂಟರ್ ಯಾಕೆ? ಹೆಂಡತಿ ಕಾವೇರಮ್ಮ ಉಯ್ಯಂಬಳ್ಳಿಗೆ ಹೋಗಿ ಮೂರು ತಿಂಗಳಾಗಿತ್ತು. ಅವಳ ತಾಯಿ ಯಲ್ಲಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ಇತ್ತ ಮನೆ ಬಿಕೋ ಎನ್ನುತ್ತಿತ್ತು. ಬೈಯಲು ಎದುರಿಗೆ ಯಾರೂ ಇಲ್ಲದೆ ಚೆಲುವಯ್ಯನ ಕೋಪವೆಲ್ಲ ದಂಡವಾಗುತ್ತಿತ್ತು! ಸಾರಿಗೆ ಉಪ್ಪು ಹೆಚ್ಚಾದರೆ ತನ್ನನ್ನು ತಾನೇ ಬೈದುಕೊಳ್ಳಬೇಕು. ಊಟಕ್ಕೆ ಎರಡು ತಟ್ಟೆ ಇಡುವುದು, ಆಮೇಲೆ ಒಂದನ್ನು ಎತ್ತಿಡುವುದು. ದಿನಾ ಸಂಜೆ ಫೋನು:

“ಹುಳಕ್ಕೆ ಸೊಪ್ಪು ಹಾಕಿದ್ರಾ?”

“ಹೂಂ.”

“ನೀವು ಉಂಡ್ರಾ?”

“ಹೂಂ.”

“ಇನ್ನೇನು?”

“ಇನ್ನೇನಿಲ್ಲ.”

ಎದೆಯಲ್ಲಿದ್ದದ್ದೆಲ್ಲ ಆ ‘ಇನ್ನೇನಿಲ್ಲ’ದಲ್ಲೇ ಇತ್ತು. ಅದನ್ನು ಬಿಡಿಸಿ ಹೇಳುವ ವಿದ್ಯೆ ಏಳನೇ ಕ್ಲಾಸಿನಲ್ಲಿ ಮೂರು ವರ್ಷ ಕೂತರೂ ಯಾರೂ ಕಲಿಸಿರಲಿಲ್ಲ.

ಅಂಥ ಒಂದು ದಿನ ಅಟ್ಟದಲ್ಲಿ ಮದುವೆಯ ವೀಡಿಯೊ ಕ್ಯಾಸೆಟ್ ಸಿಕ್ಕಿತು. ಅದನ್ನು ಹಾಕಿ ನೋಡುವ ಯಂತ್ರ ಅವರ ಮನೆಯಲ್ಲಿ ಎಂದೂ ಇರಲಿಲ್ಲ. ಚನ್ನಪಟ್ಟಣದ ಸ್ಟುಡಿಯೊದವರು ಅದನ್ನು ಸೀಡಿ ಮಾಡಿಕೊಟ್ಟರು. ಆ ಸೀಡಿಯೊಳಗೊಂದು ನಿಧಿಯಿತ್ತು. ಮದುವೆ ಮುಗಿದು ಗಂಡಿನ ಮನೆಗೆ ಬಂದಾಗ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಹೆಣ್ಣು ಗಂಡಿನ ಹೆಸರನ್ನೂ ಗಂಡು ಹೆಣ್ಣಿನ ಹೆಸರನ್ನೂ ಹೇಳುವ ತನಕ ದಾರಿ ಬಿಡುವುದಿಲ್ಲವಲ್ಲ, ಆಗ ಕಾವೇರಮ್ಮ ಅವನ ಹೆಸರು ಹೇಳಿದ್ದಳಂತೆ. ‘ಅಂತೆ’ ಯಾಕೆಂದರೆ, ಸರಿಯಾಗಿ ಅದೇ ಗಳಿಗೆಯಲ್ಲಿ ಜನರೇಟರ್ ಕೆಮ್ಮಿ ನಿಂತು, ಮದುಮಗ ಬಾಸಿಂಗದ ಸಮೇತ ಜನರೇಟರಿನವನ ಮೇಲೆ ಜಗಳಕ್ಕೆ ಓಡಿದ್ದ!

ಆಮೇಲಿನ ಇಪ್ಪತ್ತಾರು ವರ್ಷ ಅವನು ಅವಳ ಬಾಯಲ್ಲಿ ಬರೀ ‘ಏನಂದ್ರೆ’, ಅವಳು ಅವನ ಬಾಯಲ್ಲಿ ಬರೀ ‘ಇವಳೇ’. ಚೆಲುವಯ್ಯ ಎಂಬ ಹೆಸರು ಅವಳ ದನಿಯಲ್ಲಿ ಹೇಗೆ ಕೇಳಿಸುತ್ತದೆ? ಒಂದೇ ಒಂದು ಸಲ ಕೇಳಬೇಕು. ಅದನ್ನು ಪೇಟೆಯ ಅಂಗಡಿಯಲ್ಲಿ ನಾಲ್ಕು ಜನರ ನಡುವೆ ಕೇಳುವುದೇ? ಮಾನದ ಪ್ರಶ್ನೆ! ಅದಕ್ಕೇ ಸ್ವಂತ ಕಂಪ್ಯೂಟರ್.

ಮೊಬೈಲು ನೋಡಿಕೊಂಡು ಎರಡು ದಿನದಲ್ಲಿ ಜೋಡಿಸಿದ. ಡಬ್ಬಕ್ಕೆ ದುಡ್ಡು ಯಾಕೆ ದಂಡ ಎಂದು, ಹುಳು ಸಾಕುವ ಬಿದಿರಿನ ತಟ್ಟೆಯೊಳಗೇ ಬೋರ್ಡು ಮಲಗಿಸಿದ. ಕರೆಂಟು ಗಟ್ಟಿಯಾಗಿರುವುದು ಹುಳದ ಮನೆಯಲ್ಲೇ ಆದ್ದರಿಂದ ಸ್ಥಾಪನೆಯೂ ಅಲ್ಲೇ ಆಯಿತು. ಮಿಕ್ಕಿದ ನಾಲ್ಕು ತಿರುಪುಗಳನ್ನು ದೇವರ ಪಟದ ಮುಂದಿಟ್ಟು ಕೈಮುಗಿದ.

ಗುಂಡಿ ಒತ್ತಿದ. ಹತ್ತಿತು! ಪರದೆಯ ಮೇಲೆ ಅರಿಶಿನ ಹಚ್ಚಿಸಿಕೊಂಡ ಕಾವೇರಮ್ಮ ತಲೆ ತಗ್ಗಿಸಿ ಕೂತಿದ್ದಳು. ಎಷ್ಟು ಸಣ್ಣ ಹುಡುಗಿ! ಚೆಲುವಯ್ಯ ತಲೆಯ ಟವಲ್ ತೆಗೆದು ಕೂತ. ಇನ್ನೇನು ಧಾರೆ ಎನ್ನುವಾಗ... ಫಟ್! ಕತ್ತಲು.

ಮತ್ತೆ ಹಚ್ಚಿದ. ಮುಂದಕ್ಕೆ ಓಡಿಸುವ ಗುಂಡಿ ಗೊತ್ತಿತ್ತು. ಆದರೆ ಇರುವ ಹೆಂಡತಿಯ ತಾಳಿಯನ್ನು ಹಾರಿಸಿಕೊಂಡು ಹೋಗುವುದೇ? ಅಪಶಕುನ! ಹಾಗಾಗಿ ಪ್ರತಿ ಸಲವೂ ಅರಿಶಿನದಿಂದಲೇ ಶುರು. ಒಮ್ಮೆ ತಾಳಿಗೆ ನಿಂತಿತು, ಒಮ್ಮೆ ಊಟಕ್ಕೆ ನಿಂತಿತು, ಇನ್ನೊಮ್ಮೆ ಮಾವ ಅಳುವಾಗ ನಿಂತಿತು. ವಯರು ಬಿಗಿ ಮಾಡಿದ. ಪ್ಲಗ್ ಬದಲಿಸಿದ. ರ‍್ಯಾಮಿನ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿದ. ನಿಂಬೆಹಣ್ಣು ಕಟ್ಟಿದ. ಎರಡು ಏಟೂ ಹಾಕಿದ. ಒಂದೇ ವಾರದಲ್ಲಿ ಹನ್ನೊಂದು ಸಲ ಮದುವೆಯಾದ. ಒಂದು ಸಲವೂ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳಲಾಗಲಿಲ್ಲ!

ಕಡೆಗೆ ಹಲ್ಲು ಕಚ್ಚಿಕೊಂಡು ಆಫ್ತಾಬನಿಗೇ ಫೋನು ಮಾಡಿದ.

“ಎಷ್ಟೊತ್ಗೆ ನಿಲ್ತೈತೆ?”

“ಒಂದ್ಸಲಿ ತಾಳಿಗೆ, ಒಂದ್ಸಲಿ ಊಟಕ್ಕೆ.”

“ಅದಲ್ಲ ಯಜಮಾನ್ರೆ! ಒಸಿ ಮುಟ್ ನೋಡಿ, ಬಿಸಿ ಐತಾ?”

“ಅಯ್ಯಪ್ಪಾ! ಸುಡ್ತಾ ಐತೆ!”

“ಅಷ್ಟೇ ಮತ್ತೆ. ಕಾವೇರಿ ನಿಂತೋಯ್ತಾ ಐತೆ.”

“ಏಯ್! ನಮ್ಮ ಮನೆಯೋಳ ಹೆಸ್ರು ನಿಂಗ್ಯಾವನ್ಲಾ ಹೇಳ್ದೋನು?”

“ತೋಬಾ ತೋಬಾ! ಕಾವು ಏರಿ ಅಂದೆ, ಕಾವು! ಅದ್ಕೆ ಜ್ವರ ಬಂದೈತೆ, ಅಷ್ಟೇ.”

ಜ್ವರ! ಆ ಒಂದು ಮಾತಿಗೆ ಚೆಲುವಯ್ಯನ ಮುಖ ಅರಳಿತು. ಇದು ಅವನ ವಿದ್ಯೆ! ರೇಷ್ಮೆ ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಹುಳ ಸಾಕುವವರು ಅದಕ್ಕೆ ಜ್ವರ ಎಂದೇ ಹೇಳುವುದು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಅಲುಗಾಡಿಸಬಾರದು, ಹಾಸಿಗೆ ಒಣಗಲೆಂದು ಮೇಲೆ ಸುಣ್ಣದ ಪುಡಿ ಉದುರಿಸಬೇಕು. ‘ಇಷ್ಟು ದಿನ ಸುಮ್ಮನೆ ಹೊಡೆದೆನಲ್ಲಾ ಪಾಪದ್ದನ್ನ’ ಎಂದು ಮರುಗಿ, ಕರೆಂಟು ತೆಗೆದು, ಬೋರ್ಡಿನ ಮೇಲೆ ಬಟ್ಟೆಯಲ್ಲಿ ಜರಡಿ ಹಿಡಿದು ಎರಡು ಹಿಡಿ ಸುಣ್ಣ ಉದುರಿಸಿದ. ಒಂದು ಹಗಲು, ಒಂದು ರಾತ್ರಿ ಉಪವಾಸ ಕೆಡವಿದ.

ಮಾರನೇ ದಿನ ‘ಜ್ವರದಿಂದ ಎದ್ದಿರಬೇಕು’ ಎಂದು ಗುಂಡಿ ಒತ್ತಿದ. ಫ್ಯಾನು ತಿರುಗಿತು. ಮಾಘ ಮಾಸದ ಮಂಜೆಲ್ಲ ಒಟ್ಟಿಗೆ ಹುಳದ ಮನೆಯೊಳಗೆ ಇಳಿದಂತಾಯಿತು! ಮಂಜಿನೊಳಗೆ ಎರಡು ಸಲ ಕಟಕಟ ಎಂದು ಕಂಪ್ಯೂಟರ್ ಸ್ತಬ್ಧವಾಯಿತು. ಚೆಲುವಯ್ಯನ ಮೀಸೆ ಮಾತ್ರ ಬೆಳ್ಳಗಾಗಿ ಹತ್ತು ವರ್ಷ ಮುಂದಕ್ಕೆ ಹೋಗಿತ್ತು.

ಮತ್ತೆ ಫೋನು ಹೋಯಿತು. ಸ್ಕೂಟರಿನಲ್ಲಿ ಬಂದ ಆಫ್ತಾಬ್ ತಟ್ಟೆ ನೋಡಿ ಹಣೆ ಚಚ್ಚಿಕೊಂಡ.

“ಯಾ ಅಲ್ಲಾ! ಇದೇನ್ ಯಜಮಾನ್ರೆ, ಕಂಪ್ಯೂಟ್ರಿಗೆ ಸುಣ್ಣ ಬಳ್ದಿದ್ದೀರಿ?”

“ಜ್ವರ ಅಂದೋನು ನೀನೇ ಕಣಯ್ಯಾ!”

“ನಮ್ಮಪ್ಪ ಗೂಡು ಬಿಚ್ಚಿ ನೂಲು ತೆಗ್ಯೋರು, ಹುಳ ಸಾಕ್ದೋರಲ್ಲ. ನಿಮ್ ಜ್ವರ ನಂಗೆಂಗೊತ್ತು? ಈ ಪಕ್ಕದಲ್ಲಿ ಉರೀತಿರೋದೇನು?”

“ಹೀಟ್ರು. ಹುಳಕ್ಕೆ ಚಳಿ ಆಯ್ತದೆ.”

ಆಫ್ತಾಬ್ ಮೊದಲು ಹೀಟರಿನ ಪಕ್ಕದಿಂದ ಕಂಪ್ಯೂಟರನ್ನು ಎತ್ತಿದ. ತಟ್ಟೆಯನ್ನು ನಡುಮನೆಗೆ ತಂದು, ಬ್ರಷ್ಷಿನಿಂದ ಸುಣ್ಣ ಕೊಡವಿ, ಹೊಸ ಫ್ಯಾನು ಹಾಕಿ, ಸೀಡಿ ಹಚ್ಚಿದ. ಧಾರೆ ದಾಟಿತು. ತಾಳಿ ದಾಟಿತು. ಊಟ ದಾಟಿತು. ಮಾವ ಪೂರ್ತಿ ಅತ್ತ. ಬಂತು ಹೊಸ್ತಿಲು! “ಹೆಸ್ರು ಹೇಳಿ, ಹೆಸ್ರು ಹೇಳಿ” ಎಂದು ಹೆಂಗಸರು ಅಡ್ಡ ನಿಂತರು. ಫಟ್! ಕತ್ತಲು.

“ಲೇ ಆಫ್ತಾಬೂ! ಮತ್ತೆ ಹೋಯ್ತಲ್ಲೋ!” ಚೆಲುವಯ್ಯ ಒದೆಯಲು ಕಾಲೆತ್ತಿದ.

“ಕಾಲಿಳ್ಸಿ ಯಜಮಾನ್ರೆ! ಕಂಪ್ಯೂಟ್ರು ಓಡ್ತಾನೇ ಐತೆ. ಕತ್ಲೆ ಇರೋದು ನಿಮ್ ಮದ್ವೇಲಿ!”

ಹೌದು. ಜನರೇಟರ್ ನಿಂತು ದೀಪ ಆರಿತ್ತು, ಕ್ಯಾಮೆರಾ ಓಡುತ್ತಲೇ ಇತ್ತು. ಕತ್ತಲೊಳಗಿಂದ ಒಂದು ಮುದಿ ದನಿ, “ಹೇಳವ್ವ, ನಾಚ್ಕಬ್ಯಾಡ” ಎಂದಿತು. ಬಳೆ ಸದ್ದಾಯಿತು. ಚೆಲುವಯ್ಯ ಉಸಿರು ಬಿಗಿಹಿಡಿದು ಸ್ಪೀಕರಿಗೆ ಕಿವಿಯಿಟ್ಟ. ಎಳೆ ದನಿಯೊಂದು “ಚೆ...” ಎಂದಿತು.

“ಲೇ ಜನರೇಟ್ರು! ಡೀಸೆಲ್ ಕುಡ್ದುಬುಟ್ಟೇನ್ಲಾ? ಮೂಳೆ ಮುರ್ದಾಕ್ಬುಡ್ತೀನಿ ಕಣ್ಲಾ!”

ಯಾವನವನು ಅಡ್ಡ ಬಾಯಿ ಹಾಕಿದವನು? ಸಾಕ್ಷಾತ್ ಚೆಲುವಯ್ಯ! ಇಪ್ಪತ್ತಾರು ವರ್ಷದ ಹಿಂದಿನ ಅವನ ಗಂಟಲು ಅಡಗುವ ಹೊತ್ತಿಗೆ ಹೆಂಗಸರು ನಗುತ್ತಿದ್ದರು. ಹೆಣ್ಣು ಒಳಗೆ ಹೋಗಿಯಾಗಿತ್ತು.

“ಗಂಟ್ಲು ಆವಾಗ್ಲೂ ಹಿಂಗೇ ಇತ್ತಾ?” ಎಂದು ಆಫ್ತಾಬ್ ಮೆಲ್ಲಗೆ ಕೇಳಿದ.

ಚೆಲುವಯ್ಯ ಮೊಬೈಲು ಎತ್ತಿಕೊಂಡ. ಉಯ್ಯಂಬಳ್ಳಿಗೆ ಫೋನು ಮಾಡಿದ. ಸೊಪ್ಪಿನ ವಿಚಾರ ಆಯಿತು, ಊಟದ ವಿಚಾರ ಆಯಿತು.

“ಇನ್ನೇನು?” ಎಂದಳು ಕಾವೇರಮ್ಮ.

“ಅವತ್ತು ಹೊಸ್ತಿಲಲ್ಲಿ ಒಂದು ಹೇಳ್ದಲ್ಲ... ಅದ ಇನ್ನೊಂದ್ಸಲಿ ಹೇಳು.”

ಆ ಕಡೆ ಬಳೆ ಸದ್ದಾಯಿತು. ಆಮೇಲೆ ನಗು.

“ಅಯ್! ನಂದು ನಾನು ಹೇಳಿ ಒಳಕ್ಕೆ ಬಂದಾಯ್ತು. ನನ್ ಹೆಸ್ರು ಹೇಳ್ದೆ ಜಗಳಕ್ಕೆ ಓಡೋಗಿ, ಹಿತ್ಲ ಬಾಗ್ಲಲ್ಲಿ ಒಳಕ್ಕೆ ಬಂದೋರು ಯಾರು? ಇಪ್ಪತ್ತಾರು ವರ್ಸದ ಬಾಕಿ ಅದು. ಮೊದ್ಲು ತೀರ್ಸಿ, ಆಮ್ಯಾಕೆ ಕೇಳಿ.”

ಚೆಲುವಯ್ಯ ಬೆವೆತ. ಆಫ್ತಾಬ್ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ. ಮೂರು ತಿಂಗಳ ಖಾಲಿ ಮನೆ ಸುತ್ತಲೂ ಕಿವಿಗೊಟ್ಟು ನಿಂತಿತ್ತು.

“ಕಾವೇರಿ...”

ಆ ಕಡೆ ಉಸಿರು ನಿಂತಿತು. ಈ ಕಡೆ ಆಫ್ತಾಬನ ಗಡ್ಡ ಅಲುಗಿತು. ಅಷ್ಟೇ, ಚೆಲುವಯ್ಯನ ಧೈರ್ಯ ಫಟ್ ಎಂದಿತು!

“...ನಿಂತೋಯ್ತಿತ್ತು. ಕಂಪ್ಯೂಟ್ರು. ಕಾವು ಏರಿ. ಈಗ ಸರ್ಯಾಯ್ತು.”

“ಇದು ಲೆಕ್ಕಕ್ಕಿಲ್ಲ” ಎಂದು ಕಾವೇರಮ್ಮ ಫೋನು ಇಟ್ಟಳು.

ಮುಂದಿನ ತಿಂಗಳು ಅವಳು ಊರಿಗೆ ಬಂದಳು. ಕಂಪ್ಯೂಟರ್ ಈಗ ಎಲ್ಲೂ ನಿಲ್ಲುವುದಿಲ್ಲ. ಚೆಲುವಯ್ಯ ಸೊಪ್ಪು ಹಾಕುತ್ತಾ ದಿನವೂ ಹುಳದ ಮನೆಯಲ್ಲಿ ಅಭ್ಯಾಸ ಮಾಡುತ್ತಾನೆ. ತಟ್ಟೆ ತಟ್ಟೆಯ ಹುಳುಗಳಿಗೆಲ್ಲ ಅವಳ ಹೆಸರು ಬಾಯಿಪಾಠವಾಗಿದೆ. ಅವಳು ಬಂದು ಹೊಸ್ತಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ಏನೋ ಅಂದಂಗಾಯ್ತು?” ಎಂದರೆ ಮಾತ್ರ ಅವನು ತಿರುಗಿ ನೋಡಿ ಹೇಳುವುದು ಇಷ್ಟೇ:

“ಇವಳೇ... ಕಾಫಿ ಆಯ್ತಾ?”