ಅಕ್ಕ ಲಾರಿ ಹತ್ತಿದ್ದು

ನಮ್ಮ ಅಕ್ಕ ಗಂಡನ ಮೇಲೆ ಕಣ್ಣಿಡುವುದಕ್ಕೆಂದೇ ಲಾರಿ ಕಲಿತಳು ಎಂದು ಮೂಡಿಗೆರೆಯಲ್ಲಿ ಬಹಳ ಜನ ನಂಬಿದ್ದಾರೆ. ಶುದ್ಧ ಸುಳ್ಳು! ಭಾವ ನಾಗಪುರದಲ್ಲಿ ಟೀಗೆ ಎರಡನೇ ಚಮಚ ಸಕ್ಕರೆ ಹಾಕಿಸಿಕೊಂಡರೆ ಮೂಡಿಗೆರೆಯ ಅಡುಗೆಮನೆಯಲ್ಲಿ ನಿಂತ ಅಕ್ಕನಿಗೆ ಅದು ಗೊತ್ತಾಗುತ್ತಿತ್ತು. ಅಂಥವಳಿಗೆ ಕಣ್ಣಿಡಲು ಆರು ಚಕ್ರದ ಗಾಡಿ ಯಾಕೆ ಬೇಕು ಹೇಳಿ? ಒಂದು ಫೋನು ಧಾರಾಳವಾಗಿ ಸಾಕಿತ್ತು.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಅವಳ ಒಬ್ಬನೇ ತಮ್ಮ. ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಗೆಂದ ಕೂಡಲೇ ಕಥೆ, ಕಾದಂಬರಿ ಎಂದುಕೊಂಡು ಗೌರವ ಕೊಡಬೇಡಿ. ನಮ್ಮ ಕಡೆ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಇಷ್ಟು ವರ್ಷ ನಾನು ಬರೆದದ್ದೆಲ್ಲ ಹೆಸರು ಮತ್ತು ಹೆಸರಿನ ಮುಂದೆ ಒಂದು ಗೀಟು. ಈಗ ಮೊದಲ ಸಲ ಪೂರ್ತಿ ವಾಕ್ಯ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಕ್ಕನನ್ನು ಬೈಯಿರಿ.

ಭಾವನದು ಸ್ವಂತ ಲಾರಿ. ಕೊಯ್ಲಿನ ಕಾಲದಲ್ಲಿ ಕಳಸ, ಮೂಡಿಗೆರೆ ಕಡೆಯ ತೋಟಗಳಿಂದ ಒಣಗಿಸಿದ ಕಾಫಿ ಮೂಟೆಗಳನ್ನು ಚಿಕ್ಕಮಗಳೂರಿನಲ್ಲಿ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೊಡೆಯುತ್ತಾರೆ. ಮಿಕ್ಕ ಕಾಲದಲ್ಲಿ ಮೆಣಸು, ಗೊಬ್ಬರ, ಸಿಮೆಂಟು ಎಂದು ಹೈದರಾಬಾದು, ನಾಗಪುರ. ಮದುವೆಯಾಗಿ ಇಪ್ಪತ್ತಮೂರು ವರ್ಷ. ಅದರಲ್ಲಿ ಭಾವ ಮನೆಯಲ್ಲಿದ್ದ ದಿನಗಳನ್ನೆಲ್ಲ ಕೂಡಿಸಿದರೆ ಮೂರು ವರ್ಷವೂ ಆಗುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಆ ಪ್ರಕಾರ ಅವರಿನ್ನೂ ಹೊಸ ದಂಪತಿ!

ಅಕ್ಕ, ಭಾವ ತಮ್ಮ ಮಗಳ ಮದುವೆ ಮಾಡಿ ಸಕಲೇಶಪುರಕ್ಕೆ ಕಳಿಸಿದ ವಾರ. ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅಕ್ಕ ಸಾರಿನ ಸೌಟು ಹಿಡಿದೇ ಹೇಳಿದಳು.

"ರೀ, ನಾನೂ ಲಾರಿ ಕಲೀತೀನಿ. ಇನ್ಮೇಲೆ ಇಬ್ರೂ ಸೇರಿ ಓಡ್ಸಣ. ನೀವು ಮಲಗ್ದಾಗ ನಾನು, ನಾನು ಮಲಗ್ದಾಗ ನೀವು."

ನನ್ನ ಗಂಟಲಲ್ಲಿ ಅನ್ನ ಸಿಕ್ಕಿಕೊಂಡಿತು. ಭಾವ ಮಾತ್ರ ಕಲಸುವುದನ್ನು ನಿಲ್ಲಿಸಲಿಲ್ಲ. ಎದುರಿಗೆ ಏನೇ ಬಂದರೂ ಗಾಬರಿಯಾಗದಿರುವುದು ಲಾರಿಯವರಿಗೆ ಅಭ್ಯಾಸ.

"ಓಮ್ನಿ ಓಡ್ಸಿದಂಗಲ್ಲ ಕಣೇ ಅದು," ಎಂದರು.

ಅಕ್ಕ ಎಂಟು ವರ್ಷದಿಂದ ಒಂದು ಓಮ್ನಿ ಇಟ್ಟುಕೊಂಡು ಸುತ್ತಲಿನ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಳು.

"ಹೌದು, ಓಮ್ನೀಲಿ ಹನ್ನೊಂದು ಮಕ್ಳು ಕಿರಿಚ್ತಾವೆ. ಒಂದು ವಾಂತಿ ಮಾಡ್ತದೆ. ಲಾರೀಲಿ ಮೂಟೆ ಪಾಪ, ಬಾಯಿ ಮುಚ್ಕೊಂಡು ಕೂತಿರ್ತವೆ. ಯಾವ್ದು ಕಷ್ಟ ಹೇಳಿ?"

ಭಾವ ಮಜ್ಜಿಗೆ ಕೇಳಿದರು. ಅಲ್ಲಿಗೆ ತೀರ್ಮಾನವಾಯಿತು.

ಮನೆಯೊಳಗೆ ಆದ ತೀರ್ಮಾನವನ್ನು ಹೊರಗಿನವರು ಒಪ್ಪಬೇಕಲ್ಲ! ಮರುದಿನವೇ ನಮ್ಮ ದೊಡ್ಡಪ್ಪ ಬಂದರು. ದೊಡ್ಡಪ್ಪ ಜೀವಮಾನದಲ್ಲಿ ಓಡಿಸಿದ ಏಕೈಕ ವಾಹನ ಒಂದು ಲೂನಾ. ಅದು ಕೂಡ ಅವರನ್ನು ಹಂದಿಕೆರೆಗೆ ಬೀಳಿಸಿ ತಾನು ದಡದಲ್ಲೇ ನಿಂತಿತ್ತು. ಅವರು ಜಗಲಿಯಲ್ಲಿ ಕೂತು, ಹೆಂಗಸರು ಲಾರಿ ಓಡಿಸಿದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಶುರುಮಾಡಿದರು.

"ದೊಡ್ಡಪ್ಪ, ನಿಮ್ಮ ಮೊಮ್ಮಗಳು ವಿಮಾನ ಓಡಿಸೋಕೆ ಕಲೀತೀನಿ ಅಂದಾಗ ಊರಿಗೆಲ್ಲ ಮೈಸೂರ್‌ಪಾಕ್ ಹಂಚಿದ್ರಲ್ಲ?" ಎಂದಳು ಅಕ್ಕ.

"ಅದು ಬೇರೆ ಮಾರಾಯ್ತಿ! ಅದು ಆಕಾಶ್ದಲ್ಲಿ. ಅಲ್ಲಿ ನಮ್ಮೋರು ಯಾರು ನೋಡ್ತಾರೆ?"

ನಾನೇನು ದೊಡ್ಡಪ್ಪನಿಗಿಂತ ದೊಡ್ಡ ಮನುಷ್ಯನೇ? ನಮ್ಮ ಎಸ್ಟೇಟಿನ ಮ್ಯಾನೇಜರು "ನಿಮ್ಮ ಅಕ್ಕ ಈಗ ಏನ್ ಮಾಡ್ತಿದಾರೆ?" ಎಂದು ಕೇಳಿದಾಗ, "ಟ್ರಾನ್ಸ್‌ಪೋರ್ಟ್ ಲೈನಲ್ಲಿದಾರೆ ಸಾರ್" ಎಂದೆ. ಅವರು ಅದನ್ನು ಆಫೀಸು, ಕುರ್ಚಿ, ಫ್ಯಾನು ಎಂದು ತಿಳಿದುಕೊಂಡರು. ತಿದ್ದುವ ಅವಕಾಶವಿತ್ತು. ತಿದ್ದಲಿಲ್ಲ.

ಹೆವಿ ಲೈಸೆನ್ಸಿನ ಪರೀಕ್ಷೆಗೆ ಮೂವರೂ ಚಿಕ್ಕಮಗಳೂರಿಗೆ ಹೋದೆವು. ಬ್ರೇಕ್ ಇನ್ಸ್‌ಪೆಕ್ಟರು ಫೈಲು ಹಿಡಿದು ಬಂದವರು ನೇರವಾಗಿ ಭಾವನ ಮುಂದೆ ನಿಂತು, ಯಾವ ಗೆರೆಯಿಂದ ಯಾವ ಗೆರೆಗೆ ರಿವರ್ಸ್ ಬರಬೇಕು ಎಂದು ಐದು ನಿಮಿಷ ವಿವರಿಸಿದರು. ಭಾವ ಎಲ್ಲವನ್ನೂ ವಿನಯದಿಂದ ಕೇಳಿ, "ನಾನಲ್ಲ ಸಾರ್, ಇವ್ಳು" ಎಂದರು.

ಇನ್ಸ್‌ಪೆಕ್ಟರು ಅಕ್ಕನನ್ನು ನೋಡಿದರು. ಅಕ್ಕನ ಸೀರೆ ನೋಡಿದರು. ಲಾರಿಯ ಎತ್ತರ ನೋಡಿದರು. "ಅಮ್ಮಾ, ಇದ್ರ ಕ್ಲಚ್ ಗಟ್ಟಿ ಇರ್ತದೆ. ಕಾಲು ನೋವು ಬರ್ತದೆ."

"ಕಾಲು ನಂದು ಸಾರ್," ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇ ಬಿಟ್ಟಳು.

ಎರಡು ಗೆರೆಯ ನಡುವೆ, ಒಂದನ್ನೂ ತುಳಿಯದೆ, ಜಡೆ ಹೆಣೆದಷ್ಟು ಸಲೀಸಾಗಿ ಹಿಂದೆ ಬಂದು ನಿಲ್ಲಿಸಿದಳು. ಇನ್ಸ್‌ಪೆಕ್ಟರಿಗೆ ಸಮಾಧಾನವಾಗಲಿಲ್ಲ. "ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ" ಎನ್ನುತ್ತಲೇ ಇದ್ದರು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

"ಸಾರ್, ಇನ್ನೂ ಒಂದು ಮಾರು ಹೋಗ್ಬೋದು. ಆದ್ರೆ ಅಲ್ಲಿ ನಿಮ್ಮ ಸ್ಕೂಟ್ರು ನಿಂತಿದೆ. ಬರ್ಲಾ?"

"ಬೇಡ, ಬೇಡ! ಪಾಸು! ಇಳೀರಿ!"

ಹೀಗೆ ಅವರಿಬ್ಬರ ಜೋಡಿ ಲಾರಿ ಸಂಸಾರ ಶುರುವಾಯಿತು. ಸಂಸಾರ ಎಂದು ಸುಮ್ಮನೆ ಹೇಳುತ್ತಿಲ್ಲ. ಮೊದಲ ವಾರದಲ್ಲೇ ಅಕ್ಕ ಕ್ಯಾಬಿನ್ನನ್ನು ಮನೆ ಮಾಡಿಬಿಟ್ಟಳು. ಸೀಟಿನ ಹಿಂದೆ ಮಲಗುವ ಹಲಗೆಗೆ ಹೂವಿನ ಬೆಡ್‌ಶೀಟು, ಅದಕ್ಕೊಂದು ಪರದೆ, ಮಿಡಿ ಉಪ್ಪಿನಕಾಯಿಯ ಬಾಟ್ಲಿ, ಒಂದು ಸಣ್ಣ ಪೊರಕೆ. ಚಪ್ಪಲಿ ಕಳಚಿಯೇ ಹತ್ತಬೇಕು. ಒಮ್ಮೆ ಟ್ರಾಫಿಕ್ ಪೊಲೀಸಿನವರು ಕಾಗದ ನೋಡಲು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅಕ್ಕ, "ಸಾರ್, ಬೂಟು" ಎಂದಳಂತೆ. ಅವರು ಕಾಗದವೇ ಬೇಡವೆಂದು ಇಳಿದು ಹೋದರು.

ಬಟ್ಟೆ ಒಣಗಿಸುವುದು ಮಾತ್ರ ಸಮಸ್ಯೆಯಾಯಿತು. ಅದಕ್ಕೂ ಅಕ್ಕ ದಾರಿ ಕಂಡುಕೊಂಡಳು. ಲೋಡಿನ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಹಗ್ಗ, ಹಗ್ಗದ ಮೇಲೆ ಭಾವನ ಬನಿಯನ್ನು ಮತ್ತು ಅಕ್ಕನ ನೈಟಿ. ಆ ಬಾವುಟ ಹಾರಿಸಿಕೊಂಡೇ ಲಾರಿ ಚಿಕ್ಕಮಗಳೂರು ಪ್ರವೇಶಿಸಿತು. ಕ್ಯೂರಿಂಗ್ ವರ್ಕ್ಸಿನ ಗೇಟಿನ ವಾಚ್‌ಮನ್ ಮೂಟೆ ಎಣಿಸುತ್ತಾ ಮೇಲೆ ನೋಡಿ ಗಂಭೀರವಾಗಿ ಕೇಳಿದನಂತೆ: "ಅಕ್ಕಾ, ಇದನ್ನೂ ಕ್ಯೂರಿಂಗ್ ಮಾಡ್ಬೇಕಾ?"

ಇನ್ನು ಜಗಳ. ಇಪ್ಪತ್ತು ವರ್ಷದ ಜಗಳ ಬಾಕಿಯಿದ್ದ ಗಂಡ ಹೆಂಡತಿಯನ್ನು ಅಷ್ಟು ಸಣ್ಣ ಕ್ಯಾಬಿನ್ನಿನಲ್ಲಿ ಕೂರಿಸಿದರೆ ಏನಾಗುತ್ತದೆ? ಚಾಲೂ ಗಾಡಿಯಲ್ಲಿ ಜಗಳವಾಡಬಾರದು, ನಿಲ್ಲಿಸಿ ಇಳಿದು ಆಡಬೇಕು ಎಂದು ಅವರೇ ಒಂದು ಕಾನೂನು ಮಾಡಿಕೊಂಡರು. ಹಾಗಾಗಿ ಆಗಾಗ ರಸ್ತೆ ಬದಿಗೆ ಲಾರಿ ನಿಲ್ಲುತ್ತಿತ್ತು. ನಾಲ್ಕೂ ಇಂಡಿಕೇಟರು ಮಿಟುಕುತ್ತಿದ್ದವು. ಚಕ್ರಕ್ಕೆ ಕಲ್ಲು ಕೊಟ್ಟು ಇಬ್ಬರೂ ಶಾಸ್ತ್ರೋಕ್ತವಾಗಿ ಜಗಳವಾಡುತ್ತಿದ್ದರು. ಕೊಟ್ಟಿಗೆಹಾರದ ಹತ್ತಿರ ಒಮ್ಮೆ ಹಿಂದಿನಿಂದ ಬಂದ ಲಾರಿಯವರು ಕಾಳಜಿಯಿಂದ ನಿಲ್ಲಿಸಿ, "ಏನಾಯ್ತಣ್ಣ, ಬ್ರೇಕ್‌ಡೌನಾ?" ಎಂದರು.

"ಇಲ್ಲ ಮಾರಾಯ, ಜಗಳ," ಎಂದರು ಭಾವ. "ಇನ್ನೊಂದು ಹತ್ತು ನಿಮಿಷ ಇದೆ. ನೀವು ಹೋಗಿ."

ಇಷ್ಟರಲ್ಲಿ ಅಕ್ಕ ಪ್ರಸಿದ್ಧಳಾಗಿಬಿಟ್ಟಿದ್ದಳು. ಮೂಡಿಗೆರೆಯ ಒಂದು ಸಂಘದವರು ಅವಳಿಗೆ ಸನ್ಮಾನ ಇಟ್ಟುಕೊಂಡರು. ಮಹಿಳೆಯನ್ನು ಗೌರವಿಸದೆ ಬಹಳ ದಿನವಾಗಿತ್ತೋ ಏನೋ, ಅವಸರ ಅವಸರವಾಗಿ ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ತಂದಿದ್ದರು. ಲೋಡು ಇಳಿಸಿ ನೇರವಾಗಿ ಬಂದ ಅಕ್ಕ ಲಾರಿಯನ್ನು ಸಭಾಭವನದ ಪಕ್ಕದಲ್ಲಿ ನಿಲ್ಲಿಸಿ ವೇದಿಕೆ ಹತ್ತಿದಳು. ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿದರು. ಹೆಣ್ಣು ಸಂಸಾರವೆಂಬ ರಥದ ಸಾರಥಿ ಎಂದರು. ಆಕೆ ಇಂದು ಚಾಲಕಿ, ನಾಳೆ ದೇಶದ ನಾಯಕಿ ಎಂದರು. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಯಾರೋ ಬಂದು ಅವರ ಕಿವಿಯಲ್ಲಿ ಏನೋ ಉಸುರಿದರು. ಅಧ್ಯಕ್ಷರು ಮೈಕಿನಲ್ಲೇ ಗುಡುಗಿದರು:

"ಹೊರಗಡೆ ಯಾವನೋ ಲಾರಿ ಅಡ್ಡ ನಿಲ್ಲಿಸಿದಾನೆ. ಮುಖ್ಯ ಅತಿಥಿಗಳ ಕಾರು ತೆಗೆಯೋಕೆ ಆಗ್ತಾ ಇಲ್ಲ. ಅದರ ಡ್ರೈವರ್ ಎಲ್ಲಿದ್ದರೂ ಬಂದು ಗಾಡಿ ತೆಗೀಬೇಕು. ಎಲ್ಲಿ ಕುಡಿದು ಬಿದ್ದಿದಾನೋ!"

ತಲೆ ಮೇಲೆ ಪೇಟ, ಹೆಗಲ ಮೇಲೆ ಶಾಲು ಹೊತ್ತ ಡ್ರೈವರ್ ಅಧ್ಯಕ್ಷರ ಪಕ್ಕದ ಕುರ್ಚಿಯಿಂದಲೇ ಎದ್ದಳು. "ಇಲ್ಲೇ ಇದೀನಿ ಸಾರ್," ಎಂದು ಇಳಿದು ಹೋಗಿ, ಪೇಟದ ಸಮೇತ ಲಾರಿ ತೆಗೆದು, ವಾಪಸ್ ಬಂದು ಕೂತಳು. ಅಧ್ಯಕ್ಷರು ಅವಸರವಾಗಿ ವಂದನಾರ್ಪಣೆಗೆ ಹೋದರು.

ಇಷ್ಟೆಲ್ಲ ಕೇಳಿ ಅವರ ಲಾರಿ ಸಂಸಾರ ಬೆಣ್ಣೆಯಂತೆ ಸಾಗಿತ್ತು ಎಂದುಕೊಳ್ಳಬೇಡಿ. ಇಬ್ಬರು ಡ್ರೈವರ್ ಇರುವುದು ಯಾಕೆ? ಒಬ್ಬರು ಓಡಿಸುವಾಗ ಇನ್ನೊಬ್ಬರು ಮಲಗಲಿ ಎಂದು. ಭಾವ ಮಲಗುತ್ತಲೇ ಇರಲಿಲ್ಲ! ಅಕ್ಕ ಸ್ಟೇರಿಂಗ್ ಹಿಡಿದರೆ ಅವರು ಪರದೆಯ ಹಿಂದೆ ಹೂವಿನ ಬೆಡ್‌ಶೀಟಿನ ಮೇಲೆ ಒರಗುವುದು ನಿಜ. ಆದರೆ ಪರದೆ ಮಾತಾಡುತ್ತಲೇ ಇರುತ್ತಿತ್ತು. "ಎಡಕ್ಕೆ ತಗೋ." "ಮುಂದೆ ಹಂಪ್ ಇದೆ." "ಆ ಬಸ್ಸಿನವ್ನ ನಂಬ್ಬೇಡ." ಒಬ್ಬರಿಗೆ ಸುಸ್ತಾಗುತ್ತಿದ್ದ ಜಾಗದಲ್ಲಿ ಈಗ ಇಬ್ಬರಿಗೆ ಸುಸ್ತು. ಐದು ತಿಂಗಳಾದರೂ ಹೀಗೇ ನಡೆಯಿತು. ಯಾವ ಜಗಳಕ್ಕೂ ಸೋಲದ ಅಕ್ಕ ಇದಕ್ಕೆ ಸೋತಳು.

"ನಾನು ಓಡ್ಸೋದು ಇವ್ರಿಗೆ ನಂಬ್ಕೆ ಇಲ್ಲ ಕಣೋ," ಎಂದು ಒಂದು ದಿನ ಫೋನಿನಲ್ಲಿ ಹೇಳಿದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. "ಇದೊಂದು ಮಂಗ್ಳೂರು ಟ್ರಿಪ್ ನೋಡ್ತೀನಿ. ಆಗ್ಲಿಲ್ಲಂದ್ರೆ ವಾಪಸ್ ಓಮ್ನಿಗೇ ಹೋಗ್ತೀನಿ."

ನನಗೆ ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರನ್ನು ನೋಡುವುದಿತ್ತು. ಹೇಗೂ ಹೋಗಬೇಕು ಎಂದು ಮೂಡಿಗೆರೆಯಲ್ಲಿ ಅವರ ಲಾರಿ ಹತ್ತಿದೆ. ಚಪ್ಪಲಿ ಬಿಟ್ಟೇ ಹತ್ತಿದೆ, ಸಂಶಯ ಬೇಡ. ಬೆಳಗಿನ ಹತ್ತು ಗಂಟೆ. ಹಿಂದೆ ಮಂಗಳೂರು ಬಂದರಿಗೆ ಹೋಗುವ ಕಾಫಿ ಬೀಜದ ಲೋಡು. ಹೈದರಾಬಾದಿನಿಂದ ಬಂದ ಮರುದಿನವೇ ಹೊರಟಿದ್ದ ಭಾವನ ಕಣ್ಣುಗಳು ಕೆಂಪಾಗಿದ್ದವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ ಮೇಲೆ ಅಕ್ಕ ಸ್ಟೇರಿಂಗ್ ಹಿಡಿದಳು. ಭಾವ ಪರದೆಯ ಹಿಂದೆ ಹೋದರು.

ಚಾರ್ಮಾಡಿ ಘಾಟಿ ಶುರುವಾಯಿತು. ಮೊದಲ ತಿರುವಿಗೆ ಪರದೆ, "ಸೆಕೆಂಡ್ ಗೇರ್" ಎಂದಿತು. ಅಕ್ಕ ಹಲ್ಲು ಕಚ್ಚಿದಳು. ಎರಡನೇ ತಿರುವಿಗೆ, "ಎದುರು ಬಸ್ ಇರ್ಬೋದು" ಎಂದಿತು. ನನಗೆ ನಗು ತಡೆಯಲಾಗಲಿಲ್ಲ. ಮೂರನೇ ತಿರುವು ಬಂತು. ಪರದೆ ಸುಮ್ಮನಿತ್ತು. ನಾಲ್ಕನೆಯದಕ್ಕೂ ಸುಮ್ಮನಿತ್ತು. ಆಮೇಲೆ ಒಳಗಿನಿಂದ ಸಣ್ಣಗೆ ಒಂದು ಗೊರಕೆ ಕೇಳಿಸಿತು.

"ಅಕ್ಕಾ!" ಎಂದೆ. ಅವಳು ತುಟಿಗೆ ಬೆರಳಿಟ್ಟು ತೋರಿಸಿದಳು.

ಅಲ್ಲಿಂದ ಲಾರಿಯ ನಡಿಗೆಯೇ ಬದಲಾಯಿತು. ಹಾರನ್ ಬೇಕಾಗದಂತೆ ಪ್ರತಿ ತಿರುವಿನಲ್ಲೂ ನಿಲ್ಲಿಸಿದಷ್ಟು ನಿಧಾನ ಮಾಡಿ, ಹೆಡ್‌ಲೈಟ್ ಮಿಟುಕಿಸಿ, ಎದುರಿನವರಿಗೆ ದಾರಿ ಬಿಟ್ಟು ಇಳಿಸತೊಡಗಿದಳು. ಗುಂಡಿ ಕಂಡರೆ ಒಂದೊಂದೇ ಚಕ್ರವನ್ನು ಮೆತ್ತಗೆ ಇಳಿಸಿ ಹತ್ತಿಸಿದಳು. ಹಿಂದೆ ಕಾರುಗಳ ಸಾಲು ಬೆಳೆಯಿತು. ಜಲಪಾತ ನೋಡಲು ಬಂದ ಹುಡುಗರ ಜೀಪೊಂದು ಪಕ್ಕಕ್ಕೆ ಬಂದು, "ಏನ್ ಆಂಟಿ, ತಳ್ಕೊಂಡು ಹೋಗ್ತಿದೀರಾ?" ಎಂದು ಕೂಗಿತು. ಪೊಲೀಸಿನವರ ಬೂಟು ಕಳಚಿಸಲು ಹೊರಟಿದ್ದ ಅಕ್ಕ ಕೈ ಬೀಸಿ ಅವರನ್ನು ಮುಂದೆ ಬಿಟ್ಟಳು. ತಿರುಗಿ ನೋಡಿದರೆ ಅವಳ ಕೆನ್ನೆ ಒದ್ದೆಯಾಗಿತ್ತು.

"ಯಾಕಕ್ಕ?" ಎಂದೆ ಪಿಸುಮಾತಿನಲ್ಲಿ.

"ಕಾಲು ನೋಡು ಅವ್ರದ್ದು."

ಪರದೆಯ ಕೆಳಗೆ ಭಾವನ ಬಲಗಾಲು ಹೊರಗೆ ಚಾಚಿಕೊಂಡಿತ್ತು. ಬಿರುಕು ಬಿಟ್ಟ ಹಿಮ್ಮಡಿ, ಸವೆದ ಹೆಬ್ಬೆರಳು. "ಏನಾಗಿದೆ ಕಾಲಿಗೆ?"

"ಏನೂ ಆಗಿಲ್ಲ. ಸುಮ್ನಿದೆ." ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಮದ್ವೆಯಾದಾಗಿಂದ ಮನೇಲಿ ಮಲಗಿದಾಗೆಲ್ಲ ಆ ಕಾಲು ಬ್ರೇಕ್ ಒತ್ತೋದು. ನಿದ್ದೇಲೇ. ಒತ್ತೋದು, ಬೆಚ್ಚಿ ಎದ್ದು ಕೂರೋದು, ಮೈಯೆಲ್ಲ ಬೆವರು. ನಾನು ಆ ಕಾಲು ಹಿಡ್ಕೊಂಡು ಕೂತಿರ್ತಿದ್ದೆ. ಯಾರಿಗೂ ಹೇಳ್ಬೇಡ ಅಂದಿದ್ರು, ಹೇಳಿರ್ಲಿಲ್ಲ."

ಲಾರಿ ಇನ್ನೊಂದು ತಿರುವು ಇಳಿಯಿತು.

"ಬ್ರೇಕ್ ಮೇಲೆ ನನ್ನ ಕಾಲಿದೆ ಅಂತ ಗೊತ್ತಾದ್ರೆ ಆ ಕಾಲು ನಿಲ್ತದೇನೋ ಅಂದ್ಕೊಂಡಿದ್ದೆ ಕಣೋ."

ಘಾಟಿ ಇಳಿದು ಉಜಿರೆ ದಾಟಿದರೂ ಅವಳು ಎಲ್ಲೂ ಟೀಗೆ ನಿಲ್ಲಿಸಲಿಲ್ಲ. ಡಾಕ್ಟರು ಕೊಟ್ಟ ಹೊತ್ತು ಮೀರಿತ್ತು. ಹಲ್ಲು ನೋಯುತ್ತಿತ್ತು, ಆದರೂ ಬೇಗ ಹೋಗು ಎನ್ನಲು ಮನಸ್ಸು ಬರಲಿಲ್ಲ. ಕಿಟಕಿಯಿಂದ ಬಿಸಿಲು ಬಂದು ಭಾವನ ಕಾಲಿನ ಮೇಲೆ ಬಿದ್ದಿತು. ಬೆಡ್‌ಶೀಟು ಎಳೆದು ಹೊದಿಸೋಣವೆಂದು ಮೆಲ್ಲಗೆ ಕೈ ಚಾಚಿದೆ.

"ಮುಟ್ಬೇಡ್ವೋ," ಎಂದಳು ಅಕ್ಕ, "ಎದ್ಬಿಡ್ತಾರೆ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.