ಕಾರಿಗೂ ಉಂಟು ಮಡಿ ಮುಸುರೆ

ಹಳೆಯ ಬೈರಾಸಿನ ತುಂಡು, ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ: ಅದು ಚಕ್ರಕ್ಕೆ. ಹಸಿರು ದಾರದ್ದು ಬಾಗಿಲುಗಳಿಗೆ, ಹಳದಿಯದು ಗಾಜಿಗೆ. ದಾರವೇ ಇಲ್ಲದ ಬಿಳಿ ಮಲ್ ಬಟ್ಟೆಯ ತುಂಡೊಂದು ಹಗ್ಗದ ತುದಿಯಲ್ಲಿ, ಉಳಿದವುಗಳಿಂದ ಒಂದು ಗೇಣು ದೂರ, ಒಂಟಿಯಾಗಿ ಒಣಗುತ್ತದೆ. ಅದು ಸ್ಟೀರಿಂಗಿಗೆ, ಮತ್ತು ಸ್ಟೀರಿಂಗಿನ ಎದುರು ಕೂತ ಪುಟ್ಟ ಗಣಪತಿಗೆ.

ಇಡೀ ಡೊಂಬಿವಲಿ ಪೂರ್ವದಲ್ಲಿ ಕಾರುಗಳಿಗೆ ಮಡಿ ಕಲಿಸಿದ ಹೆಂಗಸು ಒಬ್ಬಳೇ. ಅವಳು ನನ್ನ ಚಿಕ್ಕಮ್ಮ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತರೆ ವಾಂತಿ, ಮುಂದಿನ ಸೀಟಿನಲ್ಲಿ ಕೂತರೆ ತಲೆಸುತ್ತು. ಹಾಗಾಗಿ ಕಾರಿನ ಜೊತೆ ಅವಳ ಸಂಬಂಧವೆಲ್ಲ ಅದು ನಿಂತಿರುವಾಗ ಮಾತ್ರ!

ನನಗೆ ಸಾನಪಾಡಾದ ಆಫೀಸೊಂದರಲ್ಲಿ ಕೆಲಸ ಸಿಕ್ಕಿದಾಗ ಅವಳ ಮನೆಯಲ್ಲೇ ಉಳಿದೆ. ನಾನು ಹೆಚ್ಚು ಮಾತಾಡುವವಳಲ್ಲ. ಆಫೀಸಿನ ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಯಾವ ಮಹಡಿಯ ಗುಂಡಿ ಒತ್ತಬೇಕೆಂಬುದೇ ನನಗೆ ಮರೆತುಹೋಗುತ್ತದೆ. ಚಿಕ್ಕಮ್ಮನಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು.

ಮಡಿಯ ವಿಷಯ ಹೇಳಬೇಕು. ಅವಳ ಅತ್ತೆ ಉಡುಪಿಯಿಂದ ಬರುವಾಗ ಹಪ್ಪಳದ ಡಬ್ಬಿಯ ಜೊತೆ ಮಡಿಯನ್ನೂ ಹೊತ್ತು ತಂದಿದ್ದರಂತೆ. ಅತ್ತೆ ತೀರಿಕೊಂಡ ಮೇಲೆ ಚಿಕ್ಕಮ್ಮ ಆ ಮಡಿಯನ್ನು ಎರಡು ಪಾಲು ಮಾಡಿದಳು. ಮನುಷ್ಯರ ಪಾಲನ್ನು ಪೂರ್ತಿ ಬಿಟ್ಟಳು. ಯಾರನ್ನು ಬೇಕಾದರೂ ಮುಟ್ಟುತ್ತಾಳೆ, ಯಾರ ಮನೆಯಲ್ಲಿ ಬೇಕಾದರೂ ಕೂತು ಉಣ್ಣುತ್ತಾಳೆ, ನಮ್ಮ ಮನೆಯ ಅಡುಗೆಕೋಣೆಗೆ ಯಾರು ಬೇಕಾದರೂ ಬರಬಹುದು. ಬಟ್ಟೆಯ ಪಾಲನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

"ಮನುಷ್ಯರಿಗೆ ಎಂತ ಮಡಿ? ಅವ್ರು ಸ್ನಾನ ಮಾಡ್ತಾರೆ. ಬಟ್ಟೆಗೆ ಬೇಕು. ನೆಲ ಒರೆಸಿದ್ದು ಮೇಜಿಗೆ ಹೋಗ್ಬಾರ್ದು" ಎನ್ನುತ್ತಾಳೆ. ಇದಕ್ಕೆ ಯಾವ ಶಾಸ್ತ್ರದ ಆಧಾರವಿದೆಯೋ ಗೊತ್ತಿಲ್ಲ. ಕಾರಿನ ಬಣ್ಣದ ಮೇಲೆ ಗೀರು ಬೀಳದಿರಲು ಮಾತ್ರ ಇದಕ್ಕಿಂತ ಒಳ್ಳೆಯ ನಿಯಮವಿಲ್ಲ.

ಶುರುವಾದದ್ದು ಚಿಕ್ಕಪ್ಪನ ಕಾರಿನಿಂದ. ಚಿಕ್ಕಪ್ಪ ವಾಶಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಇದ್ದವರು. ಪರಿಚಿತರಿಂದ ಒಂದು ಹಳೆಯ ಕಾರು ಕೊಂಡರು, ಸ್ಟೇಷನ್ ರಸ್ತೆಯ ರಿಕ್ಷಾಗಳ ನಡುವೆ ಒಮ್ಮೆ ಓಡಿಸಿದರು, ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದು ಅದಕ್ಕೆ ಹೊದಿಕೆ ಹೊದಿಸಿದರು. ಮರುದಿನದಿಂದ ಮತ್ತೆ ಲೋಕಲ್ ಟ್ರೇನು. ನಿಂತ ವಸ್ತುವಿನ ಮೇಲೆ ಧೂಳು ಕೂರುವುದನ್ನು ಚಿಕ್ಕಮ್ಮ ಸಹಿಸಿಯಾಳೇ? ಅವಳು ಅದನ್ನು ಬೆಳ್ಳಿಯ ದೀಪದಂತೆ ತಿಕ್ಕಿದಳು. ಏಸಿಯ ಜಾಲರಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಟಿನ ಸಂದುಗಳಿಗೆ ಬಟ್ಟೆ ಸುತ್ತಿದ ಐಸ್ಕ್ರೀಮಿನ ಕಡ್ಡಿ. ಎದುರು ಮನೆಯ ಮರಾಠಿ ಸಾಹೇಬರು ಹೊಸ ಗಾಡಿ ಯಾವಾಗ ತೆಗೆದುಕೊಂಡಿರಿ ಎಂದು ಚಿಕ್ಕಪ್ಪನ ಕೈ ಕುಲುಕಿ ಪೇಢೆ ಕೇಳಿದರು. ಚಿಕ್ಕಪ್ಪ ಮರ್ಯಾದೆಗೆ ಅಂಜಿ ಪೇಢೆಯನ್ನೂ ತಂದು ಹಂಚಿದರು!

ಆ ಮೇಲೆ ಸಾಹೇಬರ ಕಾರು. ಅವರು ಮಾರ್ಕೆಟ್ಟಿನಿಂದ ಮೀನು ತರುವಾಗ ಚೀಲ ಡಿಕ್ಕಿಯಲ್ಲಿ ಮಗುಚಿ, ಇಡೀ ಬೇಸಿಗೆ ಅದರ ವಾಸನೆಯಲ್ಲೇ ಓಡಾಡಿದ್ದರು. ಹುಟ್ಟಿದಂದಿನಿಂದ ಮೀನಿನ ಹತ್ತಿರ ಸುಳಿಯದ ಚಿಕ್ಕಮ್ಮ ಮೂಗಿಗೆ ಸೆರಗು ಕಟ್ಟಿ ಒಳಗಿಳಿದಳು. ಬಿಸಿಲು, ಲಿಂಬೆ, ಕೊನೆಗೆ ತಟ್ಟೆಗಳಲ್ಲಿ ಹರಡಿದ ಕಾಫಿಪುಡಿ. ವಾಸನೆ ಹೋಯಿತು, ಕಾಫಿಯ ಪರಿಮಳ ಉಳಿಯಿತು. ಈಗ ಸಾಹೇಬರು ಸಂಜೆ ಆಫೀಸಿನಿಂದ ಬಂದ ಮೇಲೂ ಕಾರಿನಿಂದ ಇಳಿಯುವುದಿಲ್ಲ ಎಂದು ಅವರ ಹೆಂಡತಿಯ ದೂರು.

ಕೆಲಸ ಮುಗಿದ ಮೇಲೆ ಮುಂದಿನ ಚಕ್ರಗಳ ಎದುರು ಒಂದು ರಂಗೋಲಿ ಎಳೆಯುವುದು ಅವಳ ಪದ್ಧತಿ. ಸೋಮವಾರ ಬೆಳಿಗ್ಗೆ ಸಾಹೇಬರು ಬ್ರೀಫ್‌ಕೇಸ್ ಹಿಡಿದು ಬಂದರು, ರಂಗೋಲಿ ನೋಡಿದರು, ಅದರ ಮೇಲೆ ಗಾಡಿ ಹತ್ತಿಸಲು ಮನಸ್ಸಾಗದೆ ಅತ್ತಿತ್ತ ನೋಡಿ, ಸ್ಟೇಷನ್ನಿನ ಕಡೆ ನಡೆದರು. ಅಂದು ಅವರು ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತ ಹೋದರು. ಕಾರು ಮಾತ್ರ ಮದುವಣಗಿತ್ತಿಯಂತೆ ಮನೆಯಲ್ಲೇ ಕೂತಿತ್ತು.

ಸುದ್ದಿ ಉಲ್ಹಾಸನಗರದ ತನಕ ಮುಟ್ಟಿತು. ಅಲ್ಲಿಂದ ಒಬ್ಬ ಸಿಂಧಿ ಬಟ್ಟೆ ವ್ಯಾಪಾರಿ, ಶೇಠ್‌ಜಿ, ದೊಡ್ಡ ಬಿಳಿ ಗಾಡಿಯಲ್ಲಿ ಬಂದಿಳಿದರು. ಚಿಕ್ಕಮ್ಮ ಹಿಂದಿನ ಬಾಗಿಲು ತೆರೆದಳು, ಸೀಟಿನ ಮೇಲೆ ದಾಲ್-ಪಕ್ವಾನಿನ ಚೂರುಗಳನ್ನು ಕಂಡಳು, ಬಾಗಿಲು ಮುಚ್ಚಿದಳು. ಗಾಡಿ ಮುಸುರೆಯಾಗಿದೆ, ಮೊದಲು ಗುಡಿಸಿಕೊಂಡು ಬನ್ನಿ ಎಂದಳು. ಊರಲ್ಲಿ ಹತ್ತು ಜನರ ಮೇಲೆ ದನಿಯೇರಿಸುವ ಶೇಠ್‌ಜಿ ತೆಪ್ಪಗೆ ಹಿಂದಿರುಗಿದರು. ಮುಂದಿನ ಭಾನುವಾರ ಗೇಟಿನ ಹೊರಗೇ ಗಾಡಿ ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು, "ಬೆಹೆನ್‌ಜಿ, ಕಸಮ್ ಸೇ, ಮುಸುರೆ ನಹೀ ಹೈ" ಎಂದರು. ಕನ್ನಡ ಪ್ರಚಾರಕ್ಕೆ ಮುಂಬಯಿಯ ಯಾವ ಸಂಘ ಇಷ್ಟು ಮಾಡಿದೆ ಹೇಳಿ?

ಇಷ್ಟರಲ್ಲಿ ಪ್ರತಿ ಶನಿವಾರ, ಭಾನುವಾರ ನಮ್ಮ ಕಾಂಪೌಂಡಿನಲ್ಲಿ ಹೊರಗಿನ ಗಾಡಿಗಳು ಸಾಲು ನಿಲ್ಲತೊಡಗಿದವು. ಒಂದು ಸಂಜೆ ಸೊಸೈಟಿಯ ಸೆಕ್ರೆಟರಿ ಕಾಕಾ ಮನೆಗೆ ಬಂದರು. ರೈಲ್ವೆಯಿಂದ ನಿವೃತ್ತರು, ಸಜ್ಜನರು, ಚಿಕ್ಕಮ್ಮನನ್ನು ವಹಿನೀ, ಅಂದರೆ ಅತ್ತಿಗೆ, ಎಂದೇ ಕರೆಯುವವರು, ಮುಜುಗರದಿಂದ ಚಹಾವನ್ನು ಬಹಳ ಹೊತ್ತು ಊದಿದರು. ಮೂರನೇ ಮಹಡಿಯವರು ನೀರು ಪೋಲಾಗುತ್ತಿದೆಯೆಂದು ತಕರಾರು ತೆಗೆದಿದ್ದಾರೆ ಎಂದರು. ಇದು ವ್ಯಾಪಾರವಾದರೆ ವಹಿನೀ, ಗುಮಾಸ್ತಾ ಲೈಸೆನ್ಸ್ ತೆಗೆಯಿರಿ, ಅದಕ್ಕೆ ಸೊಸೈಟಿಯ ಒಪ್ಪಿಗೆ ಪತ್ರ ಬೇಕು. ಹವ್ಯಾಸವಾದರೆ ಹೊರಗಿನ ಗಾಡಿ ಬೇಡ. ಎರಡರಲ್ಲಿ ಒಂದು ಹೇಳಿ ಎಂದರು. ಅಂಗಡಿ, ಉದ್ಯಮ ನಡೆಸುವ ಎಲ್ಲರೂ ಇಲ್ಲಿ ತೆಗೆಯಬೇಕಾದ ಪರವಾನಗಿ ಈ ಗುಮಾಸ್ತಾ. ಅದನ್ನು ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು.

ಚಿಕ್ಕಪ್ಪನಿಗೆ ಈ ತೂಗುಹಾಕುವುದೇ ಗಂಟಲಲ್ಲಿ ಸಿಕ್ಕಿಕೊಂಡಿತು. ಮನೆಗೆ ಆಫೀಸಿನವರು ಬರುತ್ತಾರೆ, ಉಡುಪಿಯಿಂದ ಅಣ್ಣ ಬರುತ್ತಾನೆ. ಹೆಂಡತಿ ಕಾರು ತೊಳೆಯುತ್ತಾಳೆಂದು ಗೋಡೆಯೇ ಸಾರಿದರೆ?

"ಹವ್ಯಾಸ ಅಂತ ಹೇಳಿಬಿಡುವಾ" ಎಂದರು.

"ಹವ್ಯಾಸಕ್ಕೆ ಸೊಂಟ ನೋಯ್ತದಾ?" ಎಂದಳು ಚಿಕ್ಕಮ್ಮ.

"ಹಾಗಾದ್ರೆ ಲೈಸೆನ್ಸ್ ನನ್ನ ಹೆಸರಲ್ಲಿ ಇರ್ಲಿ. ನೋಡ್ಲಿಕ್ಕೆ ಸರಿ ಕಾಣ್ತದೆ."

"ನಿಮ್ಮ ಕಾರಿನ ಡಿಕ್ಕಿ ಎಲ್ಲಿಂದ ತೆಗಿಯುದು, ಹೇಳಿ ನೋಡುವಾ."

ಚಿಕ್ಕಪ್ಪ ಪೇಪರಿನ ಹಿಂದೆ ಮರೆಯಾದರು.

ಇಷ್ಟು ಬಾಯಿ ಜೋರಿದ್ದ ಚಿಕ್ಕಮ್ಮ ಸೆಕ್ರೆಟರಿಗೆ ಮಾತ್ರ ಉತ್ತರ ಕೊಡಲಿಲ್ಲ. ದಿನಗಳು ಕಳೆದವು. ಅವಳು ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಡೀಟೇಲಿಂಗ್ ಎನ್ನುತ್ತಾರೆ, ದೊಡ್ಡ ದೊಡ್ಡ ಅಂಗಡಿಗಳಿವೆ ಎಂದು ನಾನು ಧೈರ್ಯ ತುಂಬಲು ಹೋದೆ. ಅವಳು ಬಟ್ಟೆಗಳನ್ನು ಮಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು:

"ಹವ್ಯಾಸ ಆದ್ರೆ ನಾಳೆ ಬಿಟ್ರೂ ಯಾರೂ ಕೇಳುದಿಲ್ಲ. ಕೆಲಸ ಅಂತ ಹೇಳಿ, ಹೆಸರು ಹಾಕಿ, ಸೋತ್ರೆ? ಆಗ ಸೋತದ್ದು ನಾನೇ ಅಲ್ವಾ ಮಗಾ?"

ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ತೀರ್ಮಾನವಾಗುವ ತನಕ ಅವಳು ಒಂದು ವ್ರತ ಹಿಡಿದಳು: ವ್ಯಾಪಾರವೂ ಇಲ್ಲ, ಹವ್ಯಾಸವೂ ಇಲ್ಲ, ಬಟ್ಟೆಗಳು ಬಾಲ್ಕನಿಯಿಂದ ಕೆಳಗಿಳಿಯುವುದಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದು ದಸರಾ ಹತ್ತಿರವಾಗುತ್ತಿದ್ದ ಕಾಲ! ದಸರೆಯ ದಿನ ಗಾಡಿಗೆ ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಬೇಕು. ಎದುರಿನ ಖಾಲಿ ಜಾಗದಲ್ಲಿ ಹೊಸ ಟವರ್ ಏಳುತ್ತಿತ್ತು, ಸಿಮೆಂಟಿನ ಧೂಳು ಎಲ್ಲ ಗಾಡಿಗಳ ಮೇಲೆ ಬೂದಿಯಂತೆ ಕೂತಿತ್ತು. ಹೂವು ಹಾಕುವುದು ಯಾವುದಕ್ಕೆ?

ಜನ ತಾವೇ ಕೈ ಹಾಕಿದರು. ಎದುರು ಮನೆಯ ಸಾಹೇಬರು ಪಾತ್ರೆ ತಿಕ್ಕುವ ಸ್ಟೀಲಿನ ನಾರಿನಿಂದ ಬಾನೆಟ್ ಉಜ್ಜಿ, ಅದರ ಮೇಲೆ ಭೂಪಟವೊಂದನ್ನು ಮೂಡಿಸಿದರು. ಇನ್ನು, ನೀರಿನ ತಕರಾರು ತೆಗೆದಿದ್ದ ಮೂರನೇ ಮಹಡಿಯವರು ಪೈಪು ಹಚ್ಚಿ ತಮ್ಮ ಗಾಡಿಗೆ ಅದೆಂಥ ಅಭಿಷೇಕ ಮಾಡಿದರೆಂದರೆ, ಮಹಡಿಯ ಮೇಲಿನ ಟ್ಯಾಂಕ್ ಖಾಲಿಯಾಗಿ ಸಂಜೆ ಇಡೀ ಬಿಲ್ಡಿಂಗಿನ ನಲ್ಲಿಗಳು ಬರೀ ಉಸಿರು ಬಿಟ್ಟವು. ಚಿಕ್ಕಮ್ಮನಿಗೆ ಒಂದು ಗಾಡಿಗೆ ಅರ್ಧ ಬಕೆಟ್ ಸಾಕಾಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವಾದರೂ ಎಲ್ಲಿತ್ತು? ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದವರಿಗೆಲ್ಲ ತಾನಾಗಿ ತಿಳಿಯಿತು.

ದಸರೆಗೆ ಮೊದಲಿನ ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ಕರೆದರು. ಆ ಬೆಳಿಗ್ಗೆ ಚಿಕ್ಕಮ್ಮ ಚಿಕ್ಕಪ್ಪನ ತಟ್ಟೆಗೆ ನೀರುದೋಸೆ ಹಾಕುತ್ತ ಹೇಳಿದಳು:

"ಕೆಲಸ ಅಂತ ಹೇಳಿ. ಹೆಸರು ನನ್ನದೇ. ಸೋತ್ರೆ ಸೋತೆ."

ಚಿಕ್ಕಪ್ಪ ದೋಸೆ ತಿಂದರು, ಕೈ ತೊಳೆದರು, ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಅವಳೇ ಏಕೆ ಹೋಗಿ ಹೇಳಲಿಲ್ಲ? ಅಲ್ಲೇ ಇದ್ದದ್ದು ತೊಡಕು. ಫ್ಲ್ಯಾಟು ಚಿಕ್ಕಪ್ಪನ ಹೆಸರಲ್ಲಿತ್ತು. ಮೀಟಿಂಗಿನಲ್ಲಿ ಮಾತಾಡುವ ಹಕ್ಕು ಸದಸ್ಯರಿಗೆ ಮಾತ್ರ. ಜಗಳ ಅವಳದು, ಸೊಂಟ ಅವಳದು, ಬಾಯಿ ಮಾತ್ರ ಚಿಕ್ಕಪ್ಪನದು. ಅದೋ, ವರ್ಷಾನುಗಟ್ಟಲೆ ಯಾವ ಮೀಟಿಂಗಿನಲ್ಲೂ ತೆರೆಯದ ಬಾಯಿ! ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಕಂಬಿಗಳ ಸಂದಿಯಿಂದ ನೋಡಿದೆವು.

ಮೂರನೇ ಮಹಡಿಯವರು ಎದ್ದು ನೀರಿನ ಮಾತು ತೆಗೆದ ಕೂಡಲೇ ಎಲ್ಲರೂ ತಿರುಗಿ ಅವರನ್ನೇ ನೋಡಿದರು. ಅವರು ಕೂತರು. ಅಷ್ಟರಲ್ಲಿ ಧೂಳು ಹಿಡಿದ ಬಿಳಿ ಗಾಡಿಯೊಂದು ಗೇಟಿನೊಳಗೆ ನುಗ್ಗಿತು. ಶೇಠ್‌ಜಿ ಇಳಿದರು; ಕೆಲಸ ನಿಂತ ಸುದ್ದಿಯೂ ಉಲ್ಹಾಸನಗರಕ್ಕೆ ಮುಟ್ಟಿತ್ತು. ಇದು ಸದಸ್ಯರ ಸಭೆಯೆಂದು ಸೆಕ್ರೆಟರಿ ಕಾಕಾ ಹೇಳುತ್ತಿದ್ದರೂ ಅವರಿಗೆ ಕೇಳಿಸಲಿಲ್ಲ. ಉಲ್ಹಾಸನಗರದಲ್ಲಿ ತಮ್ಮದೊಂದು ಅಂಗಡಿಯ ಜಾಗ ಖಾಲಿ ಬಿದ್ದಿದೆ, ಇಲ್ಲಿಯವರಿಗೆ ಬೇಡವಾದರೆ ಬೆಹೆನ್‌ಜಿಯನ್ನು ಇವತ್ತೇ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹಿಂದಿಯಲ್ಲಿ ಘೋಷಿಸಿದರು.

ಆಮೇಲೆ ಅಲ್ಲಿ ಎದ್ದ ಗದ್ದಲವನ್ನು ಹೇಗೆ ವರ್ಣಿಸಲಿ? ಉಲ್ಹಾಸನಗರಕ್ಕೆ ಯಾಕೆ ಕಳಿಸಬೇಕು, ವಹಿನೀ ನಮ್ಮವರು ಎಂದರು ಎದುರು ಮನೆಯ ಸಾಹೇಬರು. ನಮ್ಮವರೇ ಎಂದು ಮೂರನೇ ಮಹಡಿಯವರೂ ದನಿಗೂಡಿಸಿದರು. ಒಪ್ಪಿಗೆ ಪತ್ರಕ್ಕೆ ಎಲ್ಲ ಕೈಗಳೂ ಎದ್ದವು. ಶೇಠ್‌ಜಿಯದೂ ಎದ್ದಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸೆಕ್ರೆಟರಿ ಕಾಕಾ ಪೆನ್ನು ತೆಗೆದು, ಧಂದಾ ಯಾರದು, ಯಾರ ಹೆಸರು ಬರೆಯಲಿ ಎಂದು ಕೇಳಿದರು. ಮೆಟ್ಟಿಲ ಮೇಲೆ ಚಿಕ್ಕಮ್ಮ ನನ್ನ ಮಣಿಕಟ್ಟನ್ನು ಹಿಡಿದಳು.

ಹಿಂದಿನ ಸಾಲಿನಲ್ಲಿ ಚಿಕ್ಕಪ್ಪ ಎದ್ದು ನಿಂತರು. ಶರ್ಟನ್ನು ಎಳೆದು ಸರಿಮಾಡಿಕೊಂಡರು. ತಮ್ಮ ಉಡುಪಿಯ ಮರಾಠಿಯಲ್ಲಿ, ಒಂದೊಂದೇ ಶಬ್ದ ಹುಡುಕಿ, "ಧಂದಾ ತಿಚಾ ಆಹೇ" ಎಂದರು. ಅವಳದು. ಕೂರಲು ಹೊರಟವರು ಮತ್ತೆ ನೆಟ್ಟಗಾಗಿ, "ನಾವ್ ಪಣ್ ತಿಚಂಚ್" ಎಂದರು. ಹೆಸರೂ ಅವಳದೇ.

ಮೀಟಿಂಗ್ ಮುಗಿಯುವ ಮೊದಲೇ ಬಾಲ್ಕನಿಯ ಹಗ್ಗ ಖಾಲಿಯಾಗಿತ್ತು. ದಸರೆಯ ಬೆಳಿಗ್ಗೆ ನಮ್ಮ ಕಾಂಪೌಂಡನ್ನು ನೀವು ನೋಡಬೇಕಿತ್ತು. ಹೊಳೆಯುವ ಗಾಡಿಗಳ ಸಾಲು, ಪ್ರತಿಯೊಂದರ ಕೊರಳಲ್ಲಿ ಚೆಂಡುಹೂವು, ಪ್ರತಿಯೊಂದರ ಎದುರು ರಂಗೋಲಿ. ಎದುರು ಮನೆಯ ಸಾಹೇಬರ ಬಾನೆಟ್ಟಿನ ಭೂಪಟವೂ ಹತ್ತಿರ ಹೋದರೆ ಮಾತ್ರ ಕಾಣುವಷ್ಟು ಮಸುಕಾಗಿತ್ತು. ಚಿಕ್ಕಮ್ಮ ರೇಷ್ಮೆ ಸೀರೆಯುಟ್ಟು, ಸೈನ್ಯದ ಕವಾಯತು ನೋಡುವ ದಂಡನಾಯಕಿಯಂತೆ ಆ ಸಾಲಿನ ಮುಂದೆ ನಿಧಾನವಾಗಿ ನಡೆದಳು. ಆ ದಿನವೂ ಅರ್ಧ ಸೊಸೈಟಿ ರಿಕ್ಷಾದಲ್ಲೇ ಹೋಯಿತು.

ದೀಪಾವಳಿಯ ಹೊತ್ತಿಗೆ ಲೈಸೆನ್ಸ್ ಬಂತು. ಚಿಕ್ಕಪ್ಪ ತಾವೇ ಅದಕ್ಕೆ ಕಟ್ಟು ಹಾಕಿಸಿ ತಂದರು, ಬಾಗಿಲ ಪಕ್ಕದಲ್ಲಿ ಮೊಳೆ ಹೊಡೆದರು, ಓರೆಯಾಯಿತೆಂದು ಕಿತ್ತು ಮತ್ತೆ ಹೊಡೆದರು. ಮನೆಗೆ ಬರುವ ಅಣ್ಣನ ಕಣ್ಣಿಗೆ ಸರಿಯಾಗಿ ಬೀಳುವ ಎತ್ತರ ಅದು.

ಆ ಸಂಜೆ ಅದೇ ಅಣ್ಣನ ಫೋನು ಬಂತು. ಪ್ರತಿ ಬಾರಿಯೂ ಅವರು ಕೇಳುವ ಪ್ರಶ್ನೆ, ಅವಳು ಎಂತ ಮಾಡ್ತಾಳೆ. ಪ್ರತಿ ಬಾರಿಯೂ ಚಿಕ್ಕಪ್ಪ ಕೊಡುವ ಉತ್ತರ, ಎಂತ ಇಲ್ಲ, ಮನೆಯಲ್ಲೇ ಇದ್ದಾಳೆ. ಆ ದಿನ ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು. ಆಮೇಲೆ, ಮನೆಯೆಲ್ಲ ಕೇಳುವಂತೆ, "ಅವಳು ಕೆಲಸದಲ್ಲಿದ್ದಾಳೆ ಅಣ್ಣ. ಬಿಡುವಾದ ಮೇಲೆ ಮಾತಾಡಿಸ್ತೇನೆ" ಎಂದರು.

ಚಿಕ್ಕಮ್ಮ ಕೆಲಸದಲ್ಲಿ ಇರಲಿಲ್ಲ. ಅಡುಗೆಕೋಣೆಯಲ್ಲಿ ನನ್ನ ಪಕ್ಕದಲ್ಲೇ, ಆರಲು ಬಿಟ್ಟ ಚಹಾ ಹಿಡಿದು ನಿಂತಿದ್ದಳು. ಅವಳು ಲೋಟವನ್ನು ಕೆಳಗಿಟ್ಟಳು. ಏನೋ ಹೇಳಲು ಬಾಯಿ ತೆರೆದಳು, ಇಬ್ಬರ ಪಾಲಿನದಿರಲಿ, ಅವಳ ಪಾಲಿನ ಮಾತೂ ಹೊರಡಲಿಲ್ಲ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಯಾವ ಬಟ್ಟೆ ಯಾವುದಕ್ಕೆ ಎಂದು ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸಾನಪಾಡಾದ ಆಫೀಸಿನಲ್ಲಿ, ಬ್ಯಾಗನ್ನೂ ಕೆಳಗಿಡದೆ, ನಾನು ನೇರವಾಗಿ ಮ್ಯಾನೇಜರರ ಕ್ಯಾಬಿನ್ನಿಗೆ ಹೋಗಿ, "ಸರ್, ನಿಮ್ಮ ಕಾರು ತುಂಬಾ ಕೊಳಕಾಗಿದೆ" ಎಂದೆ.